ಕಟ್ಟಿ ಮುಗಿದ ಮನೆಯಲ್ಲಿ ವಿದ್ಯುತ್ ಉಳಿಸಲು ಮೊದಲು ಯಾವುದಕ್ಕೆ ಕೈ ಹಾಕಬೇಕು?

ಮನೆ ಕಟ್ಟಿ ನೋಡು ಎಂದವರು ಕಟ್ಟಿದ ಮನೆಯನ್ನು ತಿದ್ದಿ ನೋಡಿರಲಿಕ್ಕಿಲ್ಲ. ಮನೆ ಇನ್ನೂ ನಕ್ಷೆಯಲ್ಲಿರುವಾಗ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದು ಕಿಟಕಿಯನ್ನು ಪಡುವಣ ಗೋಡೆಯಿಂದ ಬೇರೆ ಗೋಡೆಗೆ ಸರಿಸಬಹುದು. ಗೋಡೆ ಎದ್ದು, ಗಾರೆ ಒಣಗಿ, ಒಳಗೆ ಸಂಸಾರ ನೆಲೆಯಾದ ಮೇಲೆ ಅದೇ ಕಿಟಕಿಯನ್ನು ಮುಟ್ಟಬೇಕೆಂದರೆ ಧೂಳು, ಸದ್ದು, ಖರ್ಚು ಮೂರೂ ಒಟ್ಟಿಗೆ ಬರುತ್ತವೆ. ಆದ್ದರಿಂದ ಹಳೆಯ ಮನೆಯಲ್ಲಿ ವಿದ್ಯುತ್ ಖರ್ಚು ಇಳಿಸಲು ಹೊರಟವರಿಗೆ ‘ಏನೇನು ಮಾಡಬಹುದು’ ಎಂಬ ಪಟ್ಟಿ ಬೇಕಿಲ್ಲ. ಅದು ಎಲ್ಲರಿಗೂ ಗೊತ್ತು. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮಾಡದೆ ಬಿಟ್ಟರೂ ನಡೆಯುತ್ತದೆ ಎಂಬುದೇ ತಲೆನೋವು.

ಈ ವಿಷಯ ಎತ್ತಿಕೊಂಡು ಬರುವವರ ಪ್ರಶ್ನೆ ಸಾಮಾನ್ಯವಾಗಿ ಮೂರು ಬಗೆಯದು. ಕಿಟಕಿಗಳಿಗೆಲ್ಲ ಜೋಡಿ ಗಾಜು, ಅಂದರೆ ನಡುವೆ ತೆರಪು ಬಿಟ್ಟು ಜೋಡಿಸಿದ ಎರಡು ಹಾಳೆ ಗಾಜು, ಹಾಕಿಸಲೇ ಎಂದು ಕೇಳುವವರು ಕೆಲವರು. ಹಳೆಯ ಎ.ಸಿ. ತೆಗೆದು ಹೊಸದು ಕೊಳ್ಳಲೇ ಎನ್ನುವವರು ಕೆಲವರು. ಇದ್ಯಾವುದೂ ಬೇಡ, ತಾರಸಿಯ ಮೇಲೆ ಸೌರಫಲಕ ಕೂರಿಸಿಬಿಡುತ್ತೇನೆ ಎನ್ನುವವರು ಉಳಿದವರು. ಮೂವರಿಗೂ ಉತ್ತರ ಇದೆ. ಆದರೆ ಅದು ಅವರು ಆಸೆಪಟ್ಟಿರುವ ವಸ್ತುವಿನಲ್ಲಿ ಇಲ್ಲ, ಅವರ ಮನೆಯಲ್ಲಿದೆ.

ಯಾವ ಅಳತೆಗೋಲು?

ಆಯ್ಕೆಗಳನ್ನು ತೂಗುವ ಮೊದಲು ತಕ್ಕಡಿ ಸರಿಯಿರಬೇಕು. ನಾನು ಪ್ರತಿಯೊಂದು ಆಯ್ಕೆಗೂ ಐದು ಪ್ರಶ್ನೆ ಹಾಕುತ್ತೇನೆ. ವರ್ಷಕ್ಕೆ ನಿಜವಾಗಿ ಎಷ್ಟು ಯೂನಿಟ್ ಉಳಿಯುತ್ತದೆ? ಶೇಕಡಾವಾರು ಲೆಕ್ಕ ಇಲ್ಲಿ ಮೋಸ ಮಾಡುತ್ತದೆ. ದಿನಕ್ಕೆ ಹತ್ತು ನಿಮಿಷ ಓಡುವ ಯಂತ್ರದಲ್ಲಿ ಶೇ 60 ಉಳಿಸಿ ಏನು ಪ್ರಯೋಜನ? ಎರಡನೆಯದು, ಹಾಕಿದ ಹಣ ಮರಳಲು ಬೇಕಾಗುವ ವರ್ಷಗಳು ಆ ವಸ್ತುವಿನ ಬಾಳಿಕೆಗಿಂತ ಕಡಿಮೆಯೇ, ನೀವು ಆ ಮನೆಯಲ್ಲಿ ಇರುವ ವರ್ಷಗಳಿಗಿಂತಲೂ ಕಡಿಮೆಯೇ? ಮೂರನೆಯದು, ಇದಕ್ಕಿಂತ ಮೊದಲು ಮಾಡಬೇಕಾದ ಬೇರೆ ಕೆಲಸ ಇದೆಯೇ? ನಾಲ್ಕನೆಯದು, ಮನೆಯನ್ನು ಎಷ್ಟು ಕೆದಕಬೇಕಾಗುತ್ತದೆ? ಐದನೆಯದು, ಬಿಲ್ಲಿನ ಜೊತೆಗೆ ಮನೆಯೊಳಗಿನ ನೆಮ್ಮದಿಯೂ ಹೆಚ್ಚುತ್ತದೆಯೇ?

ಇವುಗಳಲ್ಲಿ ಮೂರನೆಯ ಪ್ರಶ್ನೆಯನ್ನೇ ಜನ ಮರೆಯುವುದು, ಅದರಿಂದಲೇ ಹೆಚ್ಚು ನಷ್ಟವಾಗುವುದು. ಮನೆಯೊಳಗೆ ನುಗ್ಗುವ ಶಾಖವನ್ನು ಅರ್ಧಕ್ಕೆ ಇಳಿಸಿದರೆ ಬೇಕಾಗುವ ಎ.ಸಿ. ಚಿಕ್ಕದಾಗುತ್ತದೆ. ಎ.ಸಿ. ಚಿಕ್ಕದಾದರೆ ಸೌರಫಲಕವೂ ಕಡಿಮೆ ಸಾಕು. ಈ ಸರಪಳಿಯನ್ನು ಹಿಂದುಮುಂದಾಗಿ ಎಳೆದವರು ಮೊದಲು ದೊಡ್ಡ ಫಲಕ, ಆಮೇಲೆ ದೊಡ್ಡ ಎ.ಸಿ. ಕೊಂಡು, ಕೊನೆಗೆ ತಾರಸಿಗೆ ಬಿಳಿ ಬಣ್ಣ ಬಳಿಯುತ್ತಾರೆ. ಆ ಹೊತ್ತಿಗೆ ಮೊದಲೆರಡರಲ್ಲಿ ಅರ್ಧ ಹಣ ದಂಡವಾಗಿರುತ್ತದೆ.

ಮೊದಲು ಮೀಟರಿನ ಮುಂದೆ ನಿಲ್ಲಿ

ಹನ್ನೆರಡು ತಿಂಗಳ ಬಿಲ್ಲುಗಳನ್ನು ಸಾಲಾಗಿ ಇಡಿ. ಅತಿ ಕಡಿಮೆ ಯೂನಿಟ್ ಬಂದ ತಿಂಗಳನ್ನು ಗುರುತಿಸಿ. ಅದು ನಿಮ್ಮ ಮನೆಯ ತಳಮಟ್ಟ: ಫ್ರಿಜ್, ದೀಪ, ಬಿಸಿನೀರು, ಟಿ.ವಿ. ಇತ್ಯಾದಿ. ಉಳಿದ ತಿಂಗಳುಗಳಲ್ಲಿ ಅದಕ್ಕಿಂತ ಎಷ್ಟು ಏರುತ್ತದೋ ಅಷ್ಟು ಹೆಚ್ಚುಕಡಿಮೆ ಸೆಕೆಗೆ ಅಥವಾ ಚಳಿಗೆ ತೆರುವ ದಂಡ. ತಳಮಟ್ಟವೇ ಎತ್ತರವಾಗಿದ್ದರೆ ಗೀಸರ್, ಫ್ರಿಜ್, ಫ್ಯಾನುಗಳ ಕಡೆ ನೋಡಿ. ಏರಿಳಿತ ದೊಡ್ಡದಾಗಿದ್ದರೆ ಚಾವಣಿ, ಗೋಡೆ, ಕಿಟಕಿಗಳ ಕಡೆ ನೋಡಿ. ಈ ಒಂದು ವಿಂಗಡಣೆಯೇ ಅರ್ಧ ಗೊಂದಲವನ್ನು ಕಳೆಯುತ್ತದೆ.

ಇನ್ನೊಂದು ಪರೀಕ್ಷೆಗೆ ಖರ್ಚೇ ಇಲ್ಲ. ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್‌ಗೆ (ಅಂದರೆ 1000 ವ್ಯಾಟ್ ಒಂದು ಗಂಟೆ ಓಡಿದ್ದಕ್ಕೆ) ಎಷ್ಟು ಮಿಣುಕು ಎಂಬುದು ಅದರ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಅದು 3200 ಎಂದಿದೆ ಎನ್ನಿ. ಒಂದು ನಿಮಿಷದಲ್ಲಿ 16 ಸಲ ಮಿಣುಕಿದರೆ ಆ ಕ್ಷಣದಲ್ಲಿ ಮನೆ ಸೆಳೆಯುತ್ತಿರುವುದು 300 ವ್ಯಾಟ್. ರಾತ್ರಿ ಎಲ್ಲವನ್ನೂ ಆರಿಸಿ, ಫ್ರಿಜ್ಜನ್ನೂ ಐದು ನಿಮಿಷ ನಿಲ್ಲಿಸಿ ಮೀಟರಿನ ಮುಂದೆ ನಿಂತು ನೋಡಿ. ಎಲ್ಲ ಆರಿಸಿದೆವು ಎಂದುಕೊಂಡ ಮೇಲೂ ದೀಪ ಮಿಣುಕುತ್ತಲೇ ಇದ್ದರೆ, ಸ್ವಿಚ್ ಒತ್ತದೆ ರಿಮೋಟಿನಲ್ಲಿ ಮಲಗಿಸಿದ ಯಂತ್ರಗಳು ಒಳಗೊಳಗೇ ಉಣ್ಣುತ್ತಿವೆ ಎಂದರ್ಥ. ಹಗಲಿರುಳು 10 ವ್ಯಾಟ್ ಸೋರಿದರೆ ವರ್ಷಕ್ಕೆ ಸುಮಾರು 88 ಯೂನಿಟ್ ಆಗುತ್ತದೆ. ಸ್ವಿಚ್ ಇರುವ ಒಂದು ಪ್ಲಗ್ ಪಟ್ಟಿಯಿಂದ ಅದು ನಿಲ್ಲುತ್ತದೆ.

ಸಂದುಗಳು

ಅಗ್ಗದ ಕೆಲಸ ಇದೇ, ಆದರೆ ಇದಕ್ಕೆ ಯಾರೂ ಮನಸ್ಸು ಕೊಡುವುದಿಲ್ಲ. 90 ಸೆಂಟಿಮೀಟರ್ ಅಗಲದ ಬಾಗಿಲಿನ ಕೆಳಗೆ ಒಂದು ಸೆಂಟಿಮೀಟರ್ ಸಂದಿದ್ದರೆ ಅದು ಗೋಡೆಯಲ್ಲಿ ಅಂಗೈಯಗಲದ ತೂತು ಕೊರೆದಷ್ಟೇ ಆಯಿತು. ಗಾಳಿ ಬೀಸುವ ದಿನ ಉರಿಯುವ ಊದುಬತ್ತಿಯನ್ನು ಬಾಗಿಲು ಕಿಟಕಿಗಳ ಅಂಚಿಗೆ, ಎ.ಸಿ. ಕೊಳವೆ ಗೋಡೆ ತೂರುವ ಜಾಗಕ್ಕೆ ಹಿಡಿಯಿರಿ; ಹೊಗೆ ವಾಲಿದಲ್ಲಿ ಸೋರಿಕೆ ಇದೆ. ರಬ್ಬರ್ ಪಟ್ಟಿ, ಬಾಗಿಲಿನ ಕೆಳಗಿನ ಬ್ರಷ್, ಒಂದೆರಡು ಕೊಳವೆ ಸೀಲೆಂಟ್ ಸಾಕು. ಒಂದು ಭಾನುವಾರದಲ್ಲಿ ಮುಗಿಯುವ ಕೆಲಸ.

ಆದರೆ ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಕೋಣೆಯೊಳಗೆ ಗ್ಯಾಸ್ ಗೀಸರ್, ಕಟ್ಟಿಗೆ ಒಲೆ ಅಥವಾ ಇದ್ದಿಲಿನ ಅಗ್ಗಿಷ್ಟಿಕೆ ಉರಿಯುವ ಮನೆಯಲ್ಲಿ ಸಂದು ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಕಟ್ಟಿಕೊಂಡು ಜೀವಕ್ಕೇ ಕುತ್ತು ಬರಬಹುದು. ಆ ಅನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಬಚ್ಚಲು, ಅಡುಗೆಮನೆಗಳ ಗಾಳಿಗಂಡಿಯನ್ನು ಮುಚ್ಚಲೇಬೇಡಿ. ಮುಚ್ಚಿದರೆ ತೇವ ಹೊರಹೋಗದೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಗಾಳಿ ನಾವು ಬಯಸಿದ ಕಡೆಯಿಂದ ಬರಬೇಕು, ಅದು ಬಯಸಿದ ಕಡೆಯಿಂದ ಅಲ್ಲ ಎಂಬುದಷ್ಟೇ ಇಲ್ಲಿನ ಗುರಿ.

ಚಾವಣಿಯೋ, ಗೋಡೆಯೋ?

ನೀವು ಬಹುಮಹಡಿ ಕಟ್ಟಡದ ನಡುವಿನ ಅಂತಸ್ತಿನಲ್ಲಿದ್ದರೆ ಚಾವಣಿಯ ಮಾತನ್ನು ದಾಟಿಹೋಗಿ. ನಿಮ್ಮ ಚಾವಣಿ ಇನ್ನೊಬ್ಬರ ನೆಲ. ಮೇಲಂತಸ್ತಿನವರು, ಒಂಟಿ ಮನೆಯವರು ಮಾತ್ರ ಇಲ್ಲಿಂದಲೇ ಆರಂಭಿಸಬೇಕು.

ನಡುಹಗಲಿನ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಶಾಖ ಸುರಿಯುತ್ತದೆ. ಹಳೆಯ, ಕಪ್ಪುಗಟ್ಟಿದ ಕಾಂಕ್ರೀಟ್ ತಾರಸಿ ಅದರಲ್ಲಿ ಮುಕ್ಕಾಲು ಪಾಲನ್ನು ಹೀರಿಕೊಳ್ಳುತ್ತದೆ. ಒಳ್ಳೆಯ ಬಿಳಿ ಪ್ರತಿಫಲನ ಬಣ್ಣ ಬಳಿದರೆ ಹೀರಿಕೆ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ ಚದರ ಮೀಟರಿಗೆ 750 ವ್ಯಾಟ್ ಇದ್ದದ್ದು 200ಕ್ಕೆ ಬಂತು. ಹೀರಿದ್ದೆಲ್ಲ ಒಳಗೇ ಬರುವುದಿಲ್ಲ, ಬಹುಪಾಲು ಮರಳಿ ಗಾಳಿಗೆ ಹೋಗುತ್ತದೆ, ನಿಜ. ಆದರೂ ಸೆಕೆಯ ಊರಿನಲ್ಲಿ ಖರ್ಚು ಮಾಡಿದ ಹಣಕ್ಕೆ ಇಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ದೋಷಗಳೂ ಇವೆ. ಧೂಳು ಕುಳಿತರೆ ಬಿಳುಪು ಮಾಸುತ್ತದೆ, ಆಗಾಗ ತೊಳೆಯಬೇಕು, ಕೆಲವು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಚಳಿಯೇ ಮುಖ್ಯವಾದ ನಾಡಿನಲ್ಲಿ ಇದು ಬೇಡದ ಉಪಕಾರ, ಏಕೆಂದರೆ ಪುಕ್ಕಟೆ ಸಿಗುವ ಬಿಸಿಲಿನ ಕಾವನ್ನೂ ಆಚೆ ತಳ್ಳುತ್ತದೆ.

ಅಲ್ಲಿ ಬೇಕಾಗುವುದು ಶಾಖ ನಿರೋಧಕ ಪದರ. ಅದು ಎರಡೂ ಕಾಲಕ್ಕೆ ಕೆಲಸ ಮಾಡುತ್ತದೆ: ಬೇಸಿಗೆಯಲ್ಲಿ ಹೊರಗಿನ ಶಾಖವನ್ನು ಹೊರಗೇ ತಡೆಯುತ್ತದೆ, ಚಳಿಗಾಲದಲ್ಲಿ ಒಳಗಿನದನ್ನು ಒಳಗೇ ಹಿಡಿಯುತ್ತದೆ. ಇಳಿಜಾರು ಸೂರಿನ ಕೆಳಗೆ ಅಟ್ಟವಿದ್ದರೆ ನೀವು ಅದೃಷ್ಟವಂತರು. ಅಟ್ಟದ ನೆಲದ ಮೇಲೆ ಖನಿಜ ಉಣ್ಣೆಯ (ಕಲ್ಲು ಅಥವಾ ಗಾಜನ್ನು ಕರಗಿಸಿ ಎಳೆಯಾಗಿಸಿದ್ದು) ಹಾಸು ಹಾಸಿದರೆ ಮುಗಿಯಿತು. ಸೂರಿನಂಚಿನ ಗಾಳಿಗಂಡಿ ಮುಚ್ಚದಂತೆ, ಚಾವಣಿಯಲ್ಲಿ ಹುದುಗಿಸಿದ ಬಿಸಿಯಾಗುವ ದೀಪಗಳ ಮೇಲೆ ಹೊದಿಸದಂತೆ ನೋಡಿಕೊಂಡರೆ ಸಾಕು. ಚಪ್ಪಟೆ ತಾರಸಿಗೆ ದಾರಿ ಎರಡು. ಮೇಲುಗಡೆ ನಿರೋಧಕ ಹಾಕಿ ಅದರ ಮೇಲೆ ನೀರು ಸೋರದ ಪದರ ಕೊಡಿಸುವುದು ಒಂದು. ಇದು ದುಬಾರಿ, ಆದರೆ ಕಾಂಕ್ರೀಟೇ ತಂಪಾಗಿರುವುದರಿಂದ ಬಿಸಿಲಿಗೆ ಹಿಗ್ಗಿ ಕುಗ್ಗಿ ಬಿರುಕು ಬಿಡುವುದೂ ತಗ್ಗುತ್ತದೆ. ಒಳಗಡೆ ಸುಳ್ಳು ಚಾವಣಿ ಕಟ್ಟಿ ಅದರ ಮೇಲೆ ನಿರೋಧಕ ತುಂಬುವುದು ಇನ್ನೊಂದು. ಇದು ಬೇಗ ಮುಗಿಯುತ್ತದೆ, ಕೋಣೆಯ ಎತ್ತರವನ್ನು ತಿನ್ನುತ್ತದೆ, ಮೇಲಿನ ಕಾಂಕ್ರೀಟ್ ಮಾತ್ರ ಎಂದಿನಂತೆ ಕಾಯುತ್ತಲೇ ಇರುತ್ತದೆ. ತಾರಸಿಯ ಸೋರಿಕೆ ತಡೆಯುವ ಕೆಲಸ ಹೇಗೂ ಬಾಕಿ ಇದ್ದರೆ ಕಣ್ಣು ಮುಚ್ಚಿ ಮೊದಲನೆಯದನ್ನು ಆರಿಸಿ, ಕೂಲಿ ಒಂದೇ ಸಲ ಬೀಳುತ್ತದೆ. ಹೊಳೆಯುವ ಅಲ್ಯೂಮಿನಿಯಂ ಹಾಳೆ ಮಾರುವವರು ಬಂದರೆ ಒಂದೇ ಪ್ರಶ್ನೆ ಕೇಳಿ: ಅದರ ಹೊಳೆಯುವ ಮುಖದ ಮುಂದೆ ಗಾಳಿಯ ಜಾಗ ಬಿಡುತ್ತೀರಾ? ಎರಡೂ ಕಡೆ ಒತ್ತಿ ಅಂಟಿಸಿದ ಹಾಳೆ ಬರೀ ಲೋಹ, ಶಾಖವನ್ನು ಸರಾಗವಾಗಿ ದಾಟಿಸುತ್ತದೆ.

ಗೋಡೆಯ ಲೆಕ್ಕ ಬೇರೆ. ಐದು ಸೆಂಟಿಮೀಟರ್ ದಪ್ಪದ ಖನಿಜ ಉಣ್ಣೆ ಅಥವಾ ಥರ್ಮೋಕೋಲ್ ಹಲಗೆ ಶಾಖ ತಡೆಯುವುದರಲ್ಲಿ ಸುಮಾರು ಒಂದು ಮೀಟರ್ ದಪ್ಪದ ಇಟ್ಟಿಗೆಗೆ ಸಮ. ಒಂದು ಉದಾಹರಣೆ ನೋಡಿ. 60 ಚದರ ಮೀಟರ್ ಹೊರಗೋಡೆ, ಒಳಗೂ ಹೊರಗೂ 15 ಡಿಗ್ರಿ ವ್ಯತ್ಯಾಸ. ಬರಿಯ ಇಟ್ಟಿಗೆ ಗೋಡೆಯಾದರೆ ಸುಮಾರು 1800 ವ್ಯಾಟ್ ದಾಟುತ್ತದೆ. ಐದು ಸೆಂಟಿಮೀಟರ್ ನಿರೋಧಕ ಹಾಕಿದರೆ ಅದು 500ರ ಆಸುಪಾಸಿಗೆ ಇಳಿಯುತ್ತದೆ. ಇನ್ನೂ ಐದು ಸೇರಿಸಿದರೆ 280. ಮೊದಲ ಐದು ಸೆಂಟಿಮೀಟರ್ 1300 ವ್ಯಾಟ್ ಉಳಿಸಿತು; ಎರಡನೆಯದು 200 ಚಿಲ್ಲರೆ. ಹಾಗಾದರೆ ತೆಳುವಾದದ್ದೇ ಸಾಕೇ? ಅವಸರ ಬೇಡ. ಸಾರುವೆ ಕಟ್ಟುವ, ಗಾರೆ ಮಾಡುವ, ಬಣ್ಣ ಹೊಡೆಯುವ ಕೂಲಿ ಎರಡಕ್ಕೂ ಒಂದೇ. ಹೆಚ್ಚುವರಿ ಬೀಳುವುದು ಹಲಗೆಯ ಬೆಲೆ ಮಾತ್ರ. ಕಡು ಚಳಿಯ ಊರಿನಲ್ಲಿ ಮಾಡುವುದಾದರೆ ಒಂದೇ ಸಲಕ್ಕೆ ದಪ್ಪನೆಯದನ್ನು ಮಾಡಿ ಮುಗಿಸುವುದು ಜಾಣತನ, ಹದವಾದ ಹವೆಯ ಊರಿನಲ್ಲಿ ಗೋಡೆಯನ್ನು ಮುಟ್ಟದಿರುವುದು ಜಾಣತನ.

ಹೊರಗಿನಿಂದ ಹೊದಿಸಿದರೆ ಶಾಖವನ್ನು ಹಿಡಿದಿಡುವ ಭಾರದ ಗೋಡೆಯೆಲ್ಲ ಹೊದಿಕೆಯ ಒಳಗಡೆ ಉಳಿದು ಕೋಣೆಯ ತಾಪಮಾನ ಬೇಗನೆ ಏರುಪೇರಾಗುವುದಿಲ್ಲ; ಆದರೆ ಮನೆಯ ಮುಖವೇ ಬದಲಾಗುತ್ತದೆ, ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಮಾಡುವ ಮಾತೂ ಅಲ್ಲ. ಒಳಗಿನಿಂದ ಹೊದಿಸಿದರೆ ಒಂದೊಂದು ಕೋಣೆಯನ್ನಾಗಿ ಮಾಡಿಕೊಳ್ಳಬಹುದು. ಆದರೆ ಕೋಣೆ ಕಿರಿದಾಗುತ್ತದೆ, ಚಳಿಯ ಊರಿನಲ್ಲಿ ಹಲಗೆಯ ಹಿಂದೆ ತಣ್ಣಗಿನ ಗೋಡೆಗೆ ಆವಿ ಸೋಕಿ ನೀರಾಗಿ ಕೊಳೆಯುತ್ತದೆ. ಆವಿ ತಡೆಯುವ ಪದರವನ್ನು ಸರಿಯಾಗಿ ಕೂರಿಸಬಲ್ಲ ಕೈ ಸಿಗದಿದ್ದರೆ ಒಳಗಿನ ಹೊದಿಕೆಗೆ ಕೈ ಹಾಕದಿರಿ.

ಕಿಟಕಿ: ಗಾಜು, ಫಿಲ್ಮ್, ನೆರಳು

ಇಲ್ಲಿ ನನ್ನದೇ ಪೆಟ್ಟು ತಿಂದ ಕಥೆ ಹೇಳಬೇಕು. ಪಡುವಣಕ್ಕೆ ದೊಡ್ಡ ಕಿಟಕಿಯಿದ್ದ ಮೇಲಿನ ಕೋಣೆಯಲ್ಲಿ ಸಂಜೆ ಕೂರಲಾಗುತ್ತಿರಲಿಲ್ಲ. ಮೊದಲು ದಪ್ಪನೆಯ ಪರದೆ ತಂದು ಹಾಕಿದೆ. ಕೋಣೆ ಕತ್ತಲಾಯಿತು, ಸೆಕೆ ಹಾಗೇ ಉಳಿಯಿತು. ಆಮೇಲೆ ಅಂಗಡಿಯವರ ಮಾತು ಕೇಳಿ ಇದ್ದದ್ದಕ್ಕಿಂತ ದೊಡ್ಡ ಎ.ಸಿ. ಕೊಂಡೆ. ಅದು ಹತ್ತೇ ನಿಮಿಷದಲ್ಲಿ ಕೋಣೆಯನ್ನು ತಣ್ಣಗೆ ಮಾಡಿ ನಿಂತುಬಿಡುತ್ತಿತ್ತು, ಗಾಳಿಯ ತೇವ ಮಾತ್ರ ಹೋಗುತ್ತಿರಲಿಲ್ಲ. ತಣ್ಣಗಿನ ಒದ್ದೆ ಬಟ್ಟೆ ಹೊದ್ದುಕೊಂಡಂತೆ ಕುಳಿತಿರುತ್ತಿದ್ದೆ. ಕೊನೆಗೆ ಕಿಟಕಿಯ ಹೊರಗೆ ಬಿದಿರಿನ ತಟ್ಟಿ ಇಳಿಬಿಟ್ಟ ದಿನ ವ್ಯತ್ಯಾಸ ತಿಳಿಯಿತು. ಮೂರರಲ್ಲಿ ಅತಿ ಅಗ್ಗದ್ದು ಅದೇ ಆಗಿತ್ತು.

ಕಾರಣ ಸರಳ. ಎರಡು ಚದರ ಮೀಟರ್ ಸಾದಾ ಗಾಜಿನ ಮೇಲೆ ಚದರ ಮೀಟರಿಗೆ 600 ವ್ಯಾಟ್ ಸಂಜೆ ಬಿಸಿಲು ಬಿದ್ದರೆ, ಅದರಲ್ಲಿ ಶೇ 80ರಷ್ಟು ಒಳಗೆ ಬರುತ್ತದೆ. ಕೋಣೆಯೊಳಗೆ ಒಂದು ಕಿಲೋವ್ಯಾಟ್ ಹೀಟರ್ ಹಚ್ಚಿಟ್ಟಂತೆಯೇ ಸರಿ. ಒಳಗಿನ ಪರದೆ ಆ ಬಿಸಿಲನ್ನು ಹಿಡಿಯುವುದು ಶಾಖ ಗಾಜು ದಾಟಿದ ಮೇಲೆ. ಕಳ್ಳ ಹೊಸಿಲು ದಾಟಿದ ಮೇಲೆ ಬಾಗಿಲು ಹಾಕಿದಂತೆ. ಹೊರಗಿನ ತಟ್ಟಿ, ಸಜ್ಜಾ, ಶಟರ್, ಬಳ್ಳಿ ಹಬ್ಬಿಸಿದ ಚಪ್ಪರ ಇವೆಲ್ಲ ಅದನ್ನು ಬೀದಿಯಲ್ಲೇ ತಡೆಯುತ್ತವೆ. ಎಲೆ ಉದುರುವ ಬಳ್ಳಿಯಾದರೆ ಚಳಿಗಾಲದಲ್ಲಿ ತಾನಾಗಿ ಬಿಸಿಲು ಬಿಡುತ್ತದೆ. ಒಂದು ಸೂಕ್ಷ್ಮ: ಸಜ್ಜಾ ನೆತ್ತಿಯ ಬಿಸಿಲಿಗೆ ಒಳ್ಳೆಯದು, ಬೆಳಗು ಸಂಜೆಯ ವಾಲಿದ ಬಿಸಿಲಿಗೆ ಕೆಲಸಕ್ಕೆ ಬಾರದು. ಮೂಡಣ ಪಡುವಣ ಕಿಟಕಿಗಳಿಗೆ ನೇರ ಇಳಿಬೀಳುವ ಮರೆಯೇ ಬೇಕು.

ಹೊರಗೆ ಏನೂ ತೂಗುಹಾಕಲು ಬಿಡದ ಕಟ್ಟಡವಾದರೆ ಗಾಜಿಗೆ ಅಂಟಿಸುವ ಬಿಸಿಲು ತಡೆ ಫಿಲ್ಮ್ ನಡುದಾರಿ. ಅದು ಶಾಖದ ಜೊತೆಗೆ ಬೆಳಕನ್ನೂ ಕಡಿಮೆ ಮಾಡುತ್ತದೆ. ಜೋಡಿ ಗಾಜಿಗೆ ತಪ್ಪು ಬಗೆಯದನ್ನು ಅಂಟಿಸಿದರೆ ಗಾಜು ಕಾದು ಬಿರುಕು ಬಿಡುವ ಅಪಾಯವೂ ಇದೆ.

ಇನ್ನು ಜೋಡಿ ಗಾಜು. ಅದರ ನಿಜವಾದ ಊರು ಚಳಿಯ ಊರು. ಹೊರಗೆ 5 ಡಿಗ್ರಿ, ಒಳಗೆ 20 ಡಿಗ್ರಿ ಇದ್ದಾಗ ಎರಡು ಚದರ ಮೀಟರಿನ ಒಂಟಿ ಗಾಜಿನಿಂದ ಸುಮಾರು 170 ವ್ಯಾಟ್ ಹೊರಹೋಗುತ್ತದೆ. ಸಾದಾ ಜೋಡಿ ಗಾಜಿನಿಂದ 85. ಶಾಖವನ್ನು ಮರಳಿಸುವ ತೆಳು ಲೋಹಲೇಪ ಬಳಿದು ನಡುವೆ ಆರ್ಗಾನ್ ಅನಿಲ ತುಂಬಿದ ಗಾಜಿನಿಂದ 40ಕ್ಕಿಂತ ಕಡಿಮೆ. ಸಾದಾ ಜೋಡಿ ಗಾಜಿಗೂ ಲೇಪದ ಜೋಡಿ ಗಾಜಿಗೂ ಇರುವ ಬೆಲೆಯ ಅಂತರಕ್ಕೆ ಹೋಲಿಸಿದರೆ ಉಳಿತಾಯದ ಅಂತರ ದೊಡ್ಡದು. ಹಾಕಿಸುವುದೇ ಆದರೆ ಲೇಪದ್ದನ್ನೇ ಹಾಕಿಸಿ, ಸೆಕೆಯ ಊರಿನಲ್ಲಾದರೆ ಬಿಸಿಲನ್ನೂ ತಡೆಯುವ ಲೇಪ ಕೇಳಿ. ಆದರೆ ಗಟ್ಟಿಯಾಗಿರುವ ಕಿಟಕಿಯನ್ನು ಕಿತ್ತು ಹೊಸದು ಹಾಕಿಸಿದರೆ ಬರೀ ಬಿಲ್ಲಿನ ಉಳಿತಾಯದಿಂದ ಹಣ ಮರಳಲು ಹಲವು ವರ್ಷಗಳೇ ಬೇಕು. ಚೌಕಟ್ಟು ಕೊಳೆತು ಹೇಗೂ ಬದಲಿಸಬೇಕಾದಾಗ, ಇಲ್ಲವೇ ಬೀದಿಯ ಗದ್ದಲದಿಂದ ನಿದ್ದೆ ಕೆಟ್ಟಾಗ ಮಾತ್ರ ಲೆಕ್ಕ ಕೂಡಿಬರುತ್ತದೆ. ಗದ್ದಲ ತಗ್ಗುವುದಕ್ಕೆ ಬೆಲೆ ಕಟ್ಟುವುದು ನಿಮಗೆ ಬಿಟ್ಟದ್ದು.

ತಂಪು ಬಿಸಿ ಮಾಡುವ ಯಂತ್ರಗಳು

ಎ.ಸಿ.ಯ ಗಾತ್ರವನ್ನು ಟನ್ನಿನಲ್ಲಿ ಹೇಳುವುದು ಮಂಜುಗಡ್ಡೆ ಮಾರುತ್ತಿದ್ದ ಕಾಲದ ಉಳಿಕೆ. ಸುಮಾರು 907 ಕೆ.ಜಿ. ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವ ಶಾಖವೇ ಒಂದು ಟನ್, ಇಂದಿನ ಅಳತೆಯಲ್ಲಿ 3.5 ಕಿಲೋವ್ಯಾಟ್. ಅದು ಹೊರಹಾಕುವ ಶಾಖದ ಅಳತೆ, ಕುಡಿಯುವ ವಿದ್ಯುತ್ತಿನದಲ್ಲ ಎಂಬುದು ನೆನಪಿದ್ದರೆ ಸಾಕು.

ಇನ್ವರ್ಟರ್ ಎ.ಸಿ. ಬೇಕೇ, ಸಾದಾ ಸಾಕೇ? ಸಾದಾ ಯಂತ್ರ ಪೂರ್ತಿ ವೇಗದಲ್ಲಿ ಓಡುತ್ತದೆ, ಇಲ್ಲವೇ ನಿಲ್ಲುತ್ತದೆ. ಇನ್ವರ್ಟರ್ ಬೇಕಾದಷ್ಟಕ್ಕೆ ವೇಗ ತಗ್ಗಿಸಿಕೊಂಡು ಓಡುತ್ತಿರುತ್ತದೆ. ರಾತ್ರಿಯಿಡೀ ಹಾಕುವವರಿಗೆ ಇನ್ವರ್ಟರ್ ಬಿಟ್ಟು ಬೇರೆ ಯೋಚನೆಯೇ ಬೇಡ. ವರ್ಷದಲ್ಲಿ ಹತ್ತಿಪ್ಪತ್ತು ದಿನ, ದಿನಕ್ಕೊಂದು ಗಂಟೆ ಹಾಕುವ ಅತಿಥಿಗಳ ಕೋಣೆಗೆ ಸಾದಾ ಯಂತ್ರ ತಪ್ಪಲ್ಲ. ಇರುವ ಎ.ಸಿ. ಚೆನ್ನಾಗಿದ್ದರೆ ಜಾಲರಿ ತೊಳೆದು, ಎರಡು ಡಿಗ್ರಿ ಮೇಲಕ್ಕೆ ಇಟ್ಟು, ಜೊತೆಗೆ ಫ್ಯಾನ್ ಹಾಕಿ ನೋಡಿ. ಫ್ಯಾನ್ ಕೋಣೆಯನ್ನು ತಂಪು ಮಾಡುವುದಿಲ್ಲ, ಬೆವರು ಆರಿಸಿ ನಮ್ಮನ್ನು ತಂಪು ಮಾಡುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ಅದು ತಿರುಗುವುದು ದಂಡ.

ಚಳಿಗೆ ಹೀಟರ್ ಕೊಳ್ಳುವವರು ಒಂದು ಮಾತು ತಿಳಿದಿರಬೇಕು. ಎಣ್ಣೆ ತುಂಬಿದ್ದು, ಫ್ಯಾನ್ ಇರುವುದು, ಪಿಂಗಾಣಿ ಫಲಕದ್ದು ಎಂದು ಏನೇ ಹೆಸರಿಟ್ಟರೂ ತಂತಿ ಕಾಯಿಸುವ ಎಲ್ಲ ಹೀಟರುಗಳೂ ಒಂದು ಯೂನಿಟ್ ವಿದ್ಯುತ್ತಿಗೆ ಒಂದೇ ಯೂನಿಟ್ ಶಾಖ ಕೊಡುತ್ತವೆ. ಹೆಚ್ಚು ಬೆಲೆ ಕೊಟ್ಟರೆ ಹೆಚ್ಚು ಶಾಖ ಬರುವುದಿಲ್ಲ. ಇದಕ್ಕೆ ಹೊರತಾದದ್ದು ಹೀಟ್ ಪಂಪ್, ಅಂದರೆ ಹಿಂದುಮುಂದಾಗಿ ಓಡುವ ಎ.ಸಿ. ಅದು ಶಾಖವನ್ನು ಹುಟ್ಟಿಸದೆ ಹೊರಗಿನಿಂದ ಸಾಗಿಸಿ ತರುವುದರಿಂದ ಒಂದು ಯೂನಿಟ್ಟಿಗೆ ಮೂರರ ಆಸುಪಾಸು ಶಾಖ ದೊರೆಯುತ್ತದೆ, ಕಡು ಚಳಿಯಲ್ಲಿ ಸ್ವಲ್ಪ ಕಡಿಮೆ. ತಿಂಗಳುಗಟ್ಟಲೆ ಮನೆ ಬೆಚ್ಚಗಿಡಬೇಕಾದವರಿಗೆ ಇದಕ್ಕೆ ಸಾಟಿಯಿಲ್ಲ. ಮೇಜಿನ ಮುಂದೆ ಕುಳಿತ ಒಬ್ಬರಿಗೆ ಒಂದು ಗಂಟೆ ಕಾವು ಬೇಕಾದರೆ ಕಾಲ ಬಳಿ ಒಂದು ಪುಟ್ಟ ಹೀಟರೇ ಸಾಕು.

ಬಿಸಿನೀರು

ನೀರನ್ನು ಕಾಯಿಸುವುದು ಎಷ್ಟು ದುಬಾರಿ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ನೂರು ಲೀಟರ್ ನೀರನ್ನು 20ರಿಂದ 45 ಡಿಗ್ರಿಗೆ ಏರಿಸಲು ಸುಮಾರು 2.9 ಯೂನಿಟ್ ಬೇಕು, ಗೀಸರ್ ಯಾವ ಕಂಪನಿಯದ್ದಾದರೂ. 9 ವ್ಯಾಟಿನ ಎಲ್.ಇ.ಡಿ. ಬಲ್ಬು ಅಷ್ಟರಲ್ಲಿ 13 ದಿನ ಹಗಲಿರುಳು ಉರಿದೀತು. ಹಾಗಾಗಿ ಇಲ್ಲಿನ ಮೊದಲ ಉಳಿತಾಯ ನೀರಿನ ಉಳಿತಾಯ. ನಿಮಿಷಕ್ಕೆ 12 ಲೀಟರ್ ಸುರಿಯುವ ಷವರಿನಲ್ಲಿ ಎಂಟು ನಿಮಿಷ ನಿಂತರೆ 96 ಲೀಟರ್. 7 ಲೀಟರಿನದಕ್ಕೆ ಬದಲಿಸಿದರೆ 56. ನೀರನ್ನು 20ರಿಂದ 40 ಡಿಗ್ರಿಗೆ ಕಾಯಿಸುವ ಲೆಕ್ಕದಲ್ಲಿ ಒಂದೊಂದು ಸ್ನಾನಕ್ಕೆ 0.9 ಯೂನಿಟ್ ಉಳಿಯಿತು. ಷವರಿನ ತಲೆ ಬದಲಿಸಲು ಒಂದು ಸ್ಪ್ಯಾನರ್ ಸಾಕು.

ಅದಾದ ಮೇಲೆ ಯಂತ್ರದ ಪ್ರಶ್ನೆ. ಬಳಸುವಾಗಷ್ಟೇ ಕಾಯಿಸುವ ತತ್‌ಕ್ಷಣದ ಗೀಸರ್ ಒಬ್ಬಿಬ್ಬರಿರುವ ಮನೆಗೆ ಒಳ್ಳೆಯದು; ತೊಟ್ಟಿಯಲ್ಲಿ ನಿಂತು ಆರುವ ನಷ್ಟ ಇಲ್ಲ, ಆದರೆ ಒಮ್ಮೆಗೇ ಭಾರಿ ವಿದ್ಯುತ್ ಸೆಳೆಯುವುದರಿಂದ ವೈರಿಂಗ್ ತಡೆಯಬೇಕು. ಸೌರ ನೀರು ಕಾಯಿಸುವ ಯಂತ್ರ ಬಿಸಿಲು ಹೆಚ್ಚಿರುವ, ತಾರಸಿ ಸ್ವಂತದ್ದಾಗಿರುವ ಮನೆಗೆ ಬಹಳ ಬೇಗ ಹಣ ಮರಳಿಸುತ್ತದೆ. ಅದರ ವೈರಿಗಳು ಎರಡು: ಗಡಸು ನೀರು, ಮತ್ತು ತಾರಸಿಯಿಂದ ಬಚ್ಚಲವರೆಗಿನ ಉದ್ದನೆಯ ಕೊಳವೆ. ಕೊಳವೆಗೆ ಹೊದಿಕೆ ಇಲ್ಲದಿದ್ದರೆ ಬಿಸಿನೀರು ಬರುವ ತನಕ ಬಕೆಟ್‌ಗಟ್ಟಲೆ ತಣ್ಣೀರನ್ನು ಚೆಲ್ಲುತ್ತೀರಿ. ಹೀಟ್ ಪಂಪ್ ಗೀಸರ್ ಬೆಲೆ ಹೆಚ್ಚು, ಜಾಗ ಹೆಚ್ಚು, ಸದ್ದೂ ಸ್ವಲ್ಪ ಇದೆ. ಆದರೆ ಮೂರನೇ ಒಂದು ಭಾಗ ವಿದ್ಯುತ್ತಿನಲ್ಲಿ ಕೆಲಸ ಮುಗಿಸುತ್ತದೆ. ನಾಲ್ಕೈದು ಮಂದಿ ದಿನವೂ ಬಿಸಿನೀರು ಬಳಸುವ, ತಾರಸಿ ಇಲ್ಲದ ಮನೆಗೆ ನಾನು ಇದನ್ನೇ ಹೇಳುತ್ತೇನೆ. ದಿನಗಟ್ಟಲೆ ನೀರು ಶೇಖರಿಸುವ ತೊಟ್ಟಿಯನ್ನು ಉಳಿತಾಯದ ಆಸೆಗೆ 40 ಡಿಗ್ರಿಯಲ್ಲಿ ಇಡಬೇಡಿ. ಆ ಉಗುರುಬೆಚ್ಚಗಿನ ನೀರಿನಲ್ಲಿ ಶ್ವಾಸಕೋಶಕ್ಕೆ ಸೋಂಕು ತರುವ ಲೀಜಿಯನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. 60 ಡಿಗ್ರಿಯಲ್ಲಿ ಇಟ್ಟು ಬಳಸುವಾಗ ಬೆರೆಸಿಕೊಳ್ಳಬೇಕು.

ಫ್ಯಾನ್, ದೀಪ, ಫ್ರಿಜ್

ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್ ತಿನ್ನುತ್ತದೆ, ಬಿ.ಎಲ್.ಡಿ.ಸಿ. (ಬ್ರಷ್ ಇಲ್ಲದ ಡಿ.ಸಿ.) ಮೋಟಾರಿನದು 30ರ ಆಸುಪಾಸು. ದಿನಕ್ಕೆ 12 ಗಂಟೆಯಂತೆ ವರ್ಷದಲ್ಲಿ 300 ದಿನ ತಿರುಗಿದರೆ 160 ಯೂನಿಟ್ ಉಳಿಯಿತು. ದಿನಕ್ಕೆರಡು ಗಂಟೆ ತಿರುಗುವ ಕೋಣೆಯಲ್ಲಿ 27. ಆದ್ದರಿಂದ ಮನೆಯ ಎಲ್ಲ ಫ್ಯಾನನ್ನೂ ಒಂದೇ ದಿನ ಬದಲಿಸುವ ಉತ್ಸಾಹ ಬೇಡ. ಮಲಗುವ ಕೋಣೆ, ಹಜಾರ ಸಾಕು. ಉಳಿದವು ಕೆಟ್ಟಾಗ ನೋಡಿಕೊಳ್ಳಿ.

60 ವ್ಯಾಟಿನ ಹಳೆಯ ಬುರುಡೆ ಬಲ್ಬು ಕೊಡುವ ಬೆಳಕನ್ನು 9 ವ್ಯಾಟಿನ ಎಲ್.ಇ.ಡಿ. ಕೊಡುತ್ತದೆ. ನೀಲಿ ಎಲ್.ಇ.ಡಿ.ಯನ್ನು ಸಾಧಿಸಿ ಬಿಳಿ ಬೆಳಕಿಗೆ ದಾರಿ ಮಾಡಿದ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಬಂದದ್ದು ಸುಮ್ಮನೆ ಅಲ್ಲ. ಬುರುಡೆ ಬಲ್ಬು ಇನ್ನೂ ಉಳಿದಿದ್ದರೆ ಇಂದೇ ತೆಗೆಯಿರಿ. ಈಗಾಗಲೇ 14 ವ್ಯಾಟಿನ ಸಿ.ಎಫ್.ಎಲ್. ಇದ್ದರೆ ಅದು ಸಾಯುವ ತನಕ ಕಾಯಬಹುದು.

ಫ್ರಿಜ್ಜಿನ ಬಗ್ಗೆ ಒಂದೇ ಮಾತು. ಹೊಸದು ತಂದ ಮೇಲೆ ಹಳೆಯದನ್ನು ‘ಇರಲಿ, ನೀರಿನ ಬಾಟಲಿಗೆ ಆಯಿತು’ ಎಂದು ಹಿತ್ತಲ ಕೋಣೆಯಲ್ಲಿ ಓಡಿಸುವವರು ಉಳಿತಾಯವನ್ನು ಅಲ್ಲೇ ಮರಳಿ ಕಳೆದುಕೊಳ್ಳುತ್ತಾರೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲೇ ಇದನ್ನು ಕಂಡಿದ್ದರು: ಉಗಿಯಂತ್ರಗಳು ಮಿತವ್ಯಯಿಗಳಾದಂತೆಲ್ಲ ಕಲ್ಲಿದ್ದಲಿನ ಬಳಕೆ ಇಳಿಯುವ ಬದಲು ಏರಿತ್ತು. ‘ಇದು ಕಡಿಮೆ ತಿನ್ನುತ್ತದಲ್ಲ’ ಎಂದು ಆರಿಸದೆ ಬಿಡುವ ಫ್ಯಾನಿನಲ್ಲೂ ನಡೆಯುವುದು ಅದೇ.

ಸೌರಫಲಕ

ಇದು ಉಳಿತಾಯವಲ್ಲ, ಉತ್ಪಾದನೆ. ಬೀಳುವ ಬಿಸಿಲಿನಲ್ಲಿ ಐದನೇ ಒಂದು ಭಾಗವನ್ನು ವಿದ್ಯುತ್ತಾಗಿಸುವ ಇಂದಿನ ಫಲಕಗಳಿಗೆ ಒಂದು ಕಿಲೋವ್ಯಾಟಿಗೆ ಸುಮಾರು 5 ಚದರ ಮೀಟರ್ ನೆರಳಿಲ್ಲದ ಜಾಗ ಬೇಕು. ಒಳ್ಳೆಯ ಹೂಡಿಕೆಯೇ, ಸಂಶಯವಿಲ್ಲ. ತಾರಸಿಗೆ ನೆರಳು ಕೊಡುವ ಉಪಕಾರವೂ ಅದರಿಂದ ಆಗುತ್ತದೆ. ಆದರೆ ತಾರಸಿಯ ಸೋರಿಕೆ, ನಿರೋಧಕದ ಕೆಲಸ ಮುಗಿದ ಮೇಲೆ ಕೂರಿಸಿ. ಕೂರಿಸಿದ ಫಲಕವನ್ನು ಕಳಚಿ ಕೆಳಗೆ ಗಾರೆ ಮಾಡಿಸುವ ಪಾಡು ಯಾರಿಗೂ ಬೇಡ. ನೀವು ವಿದ್ಯುತ್ ಬಳಸುವುದು ಹೆಚ್ಚಾಗಿ ರಾತ್ರಿಯಾದರೆ, ಹಗಲಿನ ಹೆಚ್ಚುವರಿ ವಿದ್ಯುತ್ತನ್ನು ನಿಮ್ಮ ವಿದ್ಯುತ್ ಕಂಪನಿ ಯಾವ ದರಕ್ಕೆ ಕೊಳ್ಳುತ್ತದೆ ಎಂಬುದರ ಮೇಲೆಯೇ ಇಡೀ ಲೆಕ್ಕ ನಿಂತಿದೆ.

ಯಾರಿಗೆ ಯಾವುದು?

ಬಾಡಿಗೆ ಮನೆಯವರು ಗೋಡೆ, ತಾರಸಿಯ ಕನಸು ಬಿಡಿ. ಸಂದಿಗೆ ಪಟ್ಟಿ, ಷವರ್ ತಲೆ, ಪ್ಲಗ್ ಪಟ್ಟಿ, ಮಲಗುವ ಕೋಣೆಗೆ ಒಂದು ಒಳ್ಳೆಯ ಫ್ಯಾನ್. ಮನೆ ಬಿಡುವಾಗ ಹಳೆಯದನ್ನು ಮರಳಿ ಜೋಡಿಸಿ ನಿಮ್ಮದನ್ನು ಬಿಚ್ಚಿಕೊಂಡು ಹೋಗಬಹುದು.

ಸ್ವಂತ ಮನೆ, ಕೈಯಲ್ಲಿ ಸ್ವಲ್ಪವೇ ಹಣ ಎನ್ನುವವರು ಸಂದು ಮುಗಿಸಿ, ಸೆಕೆಯ ಊರಾದರೆ ತಾರಸಿಗೆ ಬಿಳಿ ಬಣ್ಣ ಮತ್ತು ಪಡುವಣ ಕಿಟಕಿಗೆ ಹೊರಗಿನ ಮರೆ, ಚಳಿಯ ಊರಾದರೆ ಅಟ್ಟದ ಹಾಸು ಮತ್ತು ದಪ್ಪ ಪರದೆ ಮಾಡಿಕೊಳ್ಳಿ. ಒಳಗಿನ ಪರದೆಯನ್ನು ಬಿಸಿಲಿಗೆ ಬೈದೆನಾದರೂ ಚಳಿಯ ರಾತ್ರಿಗೆ ಅದು ಒಳ್ಳೆಯ ಗೆಳೆಯ. ಇದಾದ ಮೇಲೆ ಒಂದು ಇಡೀ ಬೇಸಿಗೆ ಅಥವಾ ಚಳಿಗಾಲ ಕಳೆಯಲಿ, ಬಿಲ್ಲು ನೋಡಿ ಮುಂದಿನದನ್ನು ಯೋಚಿಸಿ.

ಇಪ್ಪತ್ತು ವರ್ಷ ಇದೇ ಮನೆ ಎಂದು ತೀರ್ಮಾನಿಸಿ, ದೊಡ್ಡ ದುರಸ್ತಿಗೆ ಹಣ ಇಟ್ಟುಕೊಂಡವರು ಚಾವಣಿಯ ನಿರೋಧಕದಿಂದ ಆರಂಭಿಸಿ. ಗೋಡೆಗೆ ಹೇಗೂ ಬಣ್ಣ ಹೊಡೆಸಲು ಸಾರುವೆ ಕಟ್ಟುವ ವರ್ಷವೇ ಹೊರ ಹೊದಿಕೆಯನ್ನೂ ಮಾಡಿಸಿ. ನಂತರ ಹೀಟ್ ಪಂಪ್, ಕೊನೆಗೆ ಫಲಕ.

ಇನ್ನು ಆ ಮೂವರು. ಜೋಡಿ ಗಾಜು ಬೇಕೆಂದವರ ಬಿಲ್ಲು ಬೇಸಿಗೆಯಲ್ಲಿ ಏರುತ್ತಿದ್ದರೆ ಕಿಟಕಿ ಹಾಗೇ ಇರಲಿ, ಹೊರಗೆ ಮರೆ ಕಟ್ಟಿಸಿ. ಚಳಿಗಾಲದಲ್ಲಿ ಏರುತ್ತಿದ್ದು ಚೌಕಟ್ಟು ಹಳತಾಗಿದ್ದರೆ ಲೇಪದ ಗಾಜು ಹಾಕಿಸಿ. ಹೊಸ ಎ.ಸಿ. ಎಂದವರು ಮೊದಲು ಚಾವಣಿ, ಕಿಟಕಿ ಮುಗಿಸಿ, ಆಮೇಲೆ ಇದ್ದದ್ದಕ್ಕಿಂತ ಚಿಕ್ಕ ಇನ್ವರ್ಟರ್ ಸಾಕಾಗುವುದೇ ನೋಡಿ. ಸೌರಫಲಕ ಎಂದವರು ಇಂದು ರಾತ್ರಿ ಎಲ್ಲವನ್ನೂ ಆರಿಸಿ, ಮೀಟರಿನ ಮುಂದೆ ಒಂದು ನಿಮಿಷ ನಿಂತು ಮಿಣುಕು ಎಣಿಸಿ ಬನ್ನಿ. ಎಷ್ಟು ಫಲಕ ಬೇಕೆಂದು ಆಮೇಲೆ ಮಾತನಾಡೋಣ.